ಬಲಗಡೆಯ ಸೀಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಥೆ ಹೇಳಿ ಅಭ್ಯಾಸವಿಲ್ಲ. ಗುರು-ಶಿಷ್ಯರ ಕಥೆ ಅಂದರೆ ನಾಲ್ಕು ಮಾತಿನಲ್ಲಿ ಮುಗಿಯಬೇಕು, ಉಳಿದದ್ದನ್ನು ಓದುವವರಿಗೆ ಬಿಡಬೇಕು ಎಂದು ಗೊತ್ತು. ಆದರೆ ಇದು ವಿಮಾನ ಹಾರಿಸುವವರ ಕಥೆ. ಬಿಡಿಸಿ ಹೇಳದಿದ್ದರೆ ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂದು ಭಯ. ಹಾಗಾಗಿ ವಿವರಣೆ ಸ್ವಲ್ಪ ಹೆಚ್ಚಾದೀತು. ಸಹಿಸಿಕೊಳ್ಳಿ.

ಒಂದು ನದಿ. ನದಿಯ ದಡದಲ್ಲಿ ಒಂದು ರನ್‌ವೇ.

ಆಶ್ರಮ ಎಂದು ಬರೆದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಅದು ವಿಮಾನ ಹಾರಿಸಲು ಕಲಿಸುವ ಶಾಲೆ. ಒಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ಇಬ್ಬರು ಕೂರುವಂಥ ಪುಟ್ಟ ವಿಮಾನ, ಹೊರಗೆ ಒಂದು ಹುಣಸೆ ಮರ, ಮರದ ಕೆಳಗೆ ಕಲ್ಲುಬೆಂಚು. ಆಶ್ರಮವಾಗಿದ್ದರೂ ಇದಕ್ಕಿಂತ ಹೆಚ್ಚೇನೂ ಇರುತ್ತಿರಲಿಲ್ಲ.

ಅಲ್ಲಿ ಕಲಿಸುತ್ತಿದ್ದವರು ಕ್ಯಾಪ್ಟನ್ ಪಟ್ಟಾಭಿ. ದೊಡ್ಡ ದೊಡ್ಡ ವಿಮಾನಗಳನ್ನು ಹಾರಿಸಿ ನಿವೃತ್ತರಾದವರು. ಕಲಿಯುವವರು ಅವರನ್ನು 'ಸರ್' ಎನ್ನುತ್ತಿದ್ದರು. ನಾನು ಗುರುಗಳು ಎಂದೇ ಬರೆಯುತ್ತೇನೆ. ಇಲ್ಲದಿದ್ದರೆ ಕಥೆ ಕಥೆಯ ಹಾಗೆ ಕೇಳಿಸುವುದಿಲ್ಲ.

ಶಿಷ್ಯನ ಹೆಸರು ಇಂದುಧರ. ಹಾವೇರಿ ಕಡೆಯ ಹುಡುಗ. ಗುರುಗಳು ಹೇಳಿದ್ದನ್ನು ಒಂದು ಅಕ್ಷರವೂ ಬಿಡದೆ ಕಲಿತಿದ್ದ. ಅವರ ಹಾಗೆಯೇ ಕಾಲರ್ ಮಡಚುತ್ತಿದ್ದ, ಅವರ ಹಾಗೆಯೇ ವಿಮಾನ ಹತ್ತುವ ಮೊದಲು ರೆಕ್ಕೆಯನ್ನು ಒಮ್ಮೆ ತಟ್ಟುತ್ತಿದ್ದ.

ಲೈಸೆನ್ಸ್ ಬಂದಿತ್ತು. ಒಂದು ಏರ್‌ಲೈನ್ ಕಂಪನಿಯವರು ಅವನನ್ನು ಆರಿಸಿಯೂ ಆಗಿತ್ತು. ಬರುವ ಸೋಮವಾರ ಹೋಗಿ ಸೇರಬೇಕು. ಅಲ್ಲಿ ಕೆಲವು ತಿಂಗಳು ತರಬೇತಿ ಕೊಡುತ್ತಾರೆ. ಆಮೇಲೆ ನಿಜವಾದ ವಿಮಾನ. ಹಿಂದೆ ನೂರೆಂಬತ್ತು ಜನ, ಮುಂದೆ ಇಬ್ಬರು. ಆ ಇಬ್ಬರಲ್ಲಿ ಒಬ್ಬ ಇಂದುಧರ.

ಅವನು ಅಲ್ಲಿಯವರೆಗೆ ಹಾರಿಸಿದ್ದು ಇನ್ನೂರು ಗಂಟೆ. ಇದು ಹೆಚ್ಚೋ ಕಡಿಮೆಯೋ ಎಂದು ನೀವು ಕೇಳಬಹುದು. ಲೈಸೆನ್ಸಿಗೆ ಸಾಕು. ಉಳಿದದ್ದಕ್ಕೆ ಸಾಕೋ ಇಲ್ಲವೋ ಎಂಬುದೇ ಈ ಕಥೆ.

ಮೊದಲು ಅವನೂ ಹಿಗ್ಗಿದ್ದ. ಹಿಗ್ಗು ಇಳಿದದ್ದು ಅತ್ತೆಯ ಫೋನ್ ಬಂದ ಮೇಲೆ. ಸೋದರತ್ತೆ ಗಂಗವ್ವ, ಅವನನ್ನು ಎತ್ತಿ ಬೆಳೆಸಿದವಳು.

"ಇಂದೂ, ನಿನ್ನ ವಿಮಾನದಾಗ ನಾ ಕುಂದರಬಹುದೇನೋ?"

"ಹಂಗ್ಯಾಕ ಕೇಳ್ತಿ ಅತ್ತಿ?"

"ಅಲ್ಲೋ, ನಮ್ಮ ಬಸ್ಸಿನ ಡ್ರೈವರ್ ಕೇಳಿದ, ಎಷ್ಟು ತಾಸು ಹಾರ್ಸ್ಯಾನ ನಿಮ್ಮ ಹುಡುಗ ಅಂತ. ಇನ್ನೂರು ತಾಸು ಅಂದೆ. ಅಷ್ಟು ನಾ ಒಂದ ತಿಂಗಳದಾಗ ಓಡಸ್ತೀನಿ ಬೇ ಅಂತ ನಕ್ಕ. ನಗಲಿ ಬಿಡು. ಅವಂಗೇನು ಗೊತ್ತು? ನೀ ಹೇಳು. ನೀ ಕುಂದರು ಅಂದ್ರ ಕುಂದರ್ತೀನಿ."

ಇಂದುಧರನಿಗೆ 'ಕುಂದರು' ಎನ್ನಲು ಆಗಲಿಲ್ಲ.

"ಅತ್ತಿ, ಇಲ್ಲಿ ಸಿಗ್ನಲ್ ಇಲ್ಲ," ಎಂದು ಫೋನ್ ಇಟ್ಟುಬಿಟ್ಟ. ಸಿಗ್ನಲ್ ಪೂರ್ತಿ ಇತ್ತು.

ಆ ದಿನವೇ ತೀರ್ಮಾನ ಮಾಡಿದ. ಗುರುಗಳು ತಮ್ಮ ಬಾಯಿಂದ ಹೋಗು ಅಂದರೆ ಹೋಗುವುದು, ಇಲ್ಲದಿದ್ದರೆ ಕೆಲಸ ಬೇಡವೆಂದು ಕಂಪನಿಗೆ ತಿಳಿಸಿಬಿಡುವುದು.

ಇದನ್ನು ಅವನು ಹೇಳಿದ್ದು ಮೆಲಿಟಾಳಿಗೆ ಮಾತ್ರ. ಮೆಲಿಟಾ ಅಲ್ಲಿ ಕಲಿಯುತ್ತಿದ್ದ ಇನ್ನೊಬ್ಬಳು. ಕಾರ್ಕಳದವಳು.

"ನಿನಗೆ ಮಂಡೆ ಸರಿ ಉಂಟಾ ಮಾರಾಯ?" ಎಂದಳು ಅವಳು. "ನಮಗೆಲ್ಲ ಕಂಪನಿಯವರು ಫೋನೇ ತೆಗೀದಿಲ್ಲ. ನೀನು ಬಂದ ಕೆಲಸ ಬಿಡ್ತೇನೆ ಅಂತೀಯಲ್ಲ!"

"ಬಿಡ್ತೀನಿ ಅನ್ಲಿಲ್ಲ. ಸರ್‌ನ ಕೇಳ್ತೀನಿ ಅಂದೆ."

"ಸರ್ ಯಾವತ್ತು ನೆಟ್ಟಗೆ ಉತ್ತರ ಕೊಟ್ಟದ್ದುಂಟು? ಮೊನ್ನೆ ನಾನು ಊಟ ಆಯ್ತಾ ಸರ್ ಅಂತ ಕೇಳಿದ್ದಕ್ಕೆ, ಯಾರದ್ದು ಅಂತ ಕೇಳಿದ್ರು."

ಅವಳು ಹೇಳಿದ್ದು ಸುಳ್ಳಲ್ಲ.

ಇಂದುಧರ ಹೋದಾಗ ಗುರುಗಳು ವಿಮಾನದ ಮುಂದಿನ ಗಾಜು ಒರೆಸುತ್ತಿದ್ದರು.

"ಸರ್, ನಾ ತಯಾರಾಗೇನೇನ್ರಿ?"

"ಯಾವುದಕ್ಕೆ?"

"ಏರ್‌ಲೈನಿಗ್ರಿ. ಇಷ್ಟು ಕಡಿಮಿ ಹಾರಿಸಿದವರನ್ನ ಅಲ್ಲಿ ಕುಂದರಸಬಾರದು ಅಂತಾರ್ರಿ ಮಂದಿ."

"ಸರಿಯಾಗೇ ಹೇಳ್ತಾರೆ."

ಇಂದುಧರನ ಮುಖ ಇಳಿಯಿತು.

"ಹಂಗಾರ ಹೋಗಬಾರದೇನ್ರಿ?"

"ನಾನು ಹೋದಾಗ ನನಗೂ ಅಷ್ಟೇ ಗಂಟೆ ಆಗಿತ್ತು."

ಮುಖ ಮತ್ತೆ ಅರಳಿತು.

"ಹಂಗಾರ ಹೋಗಬಹುದಲ್ರಿ!"

"ನಾನು ಹೋಗಿದ್ದು ಸರಿ ಅಂತ ನಿನಗೆ ಯಾರಯ್ಯ ಹೇಳಿದ್ದು?"

ಗುರುಗಳು ಗಾಜು ಒರೆಸುವುದನ್ನು ನಿಲ್ಲಿಸಿ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ನೋಡು, ಎಲ್ಲಾದ್ರೂ ಕಲೆ ಉಳಿದಿದೆಯಾ?"

ಇಂದುಧರ ನೋಡಿದ. ಬಲಗಡೆಯ ಮೂಲೆಯಲ್ಲಿ ಹುಳ ಬಡಿದು ಒಣಗಿದ ಕಲೆ ಹಾಗೆಯೇ ಇತ್ತು. ಆದರೆ ಅಷ್ಟು ಹೊತ್ತು ನಿಂತು ಒರೆಸಿದವರು ಗುರುಗಳು.

"ಇಲ್ರಿ ಸರ್. ಚಲೋ ಆಗೇತಿ."

ಗುರುಗಳು ಅವನನ್ನು ನೋಡಿದರು. ಆಮೇಲೆ ಆ ಮೂಲೆಗೆ ಹೋಗಿ, ಉಗುರಿನಿಂದ ಕಲೆಯನ್ನು ಕೆರೆದು ತೆಗೆದರು.

"ನಾಳೆ ಬೆಳಿಗ್ಗೆ ಬಾ," ಎಂದರು. "ಬಲಗಡೆ ಕೂತ್ಕೊ."

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕಲಿಯುವ ವಿಮಾನದಲ್ಲಿ ಕಲಿಯುವವರು ಎಡಗಡೆ ಕೂರುತ್ತಾರೆ, ಕಲಿಸುವವರು ಬಲಗಡೆ. ಏರ್‌ಲೈನಿನಲ್ಲಿ ಕ್ಯಾಪ್ಟನ್ ಎಡಗಡೆ, ಹೊಸಬ ಬಲಗಡೆ. ಅಲ್ಲಿಗೆ ಹೊರಡುವ ಮೊದಲು ಪ್ರತಿ ಶಿಷ್ಯನನ್ನೂ ಗುರುಗಳು ಒಂದು ಸಲ ಬಲಗಡೆ ಕೂರಿಸಿ, ತಾವು ಎಡಗಡೆ ಕೂತು ಹಾರಿಸುತ್ತಿದ್ದರು. ಅದು ಆ ಶಾಲೆಯ ಪದ್ಧತಿ. ಯಾಕೆಂದು ಅವರು ಯಾರಿಗೂ ಹೇಳಿರಲಿಲ್ಲ.

"ಅಲ್ಲಿ ಎಂಥ ಮಾಡ್ಲಿಕ್ಕುಂಟು?" ಎಂದಳು ಮೆಲಿಟಾ. "ಸುಮ್ಮನೆ ಕೂತ್ಕೊಳ್ಳುದು. ನಿದ್ದೆ ಮಾತ್ರ ಮಾಡ್ಬೇಡ."

ಇಂದುಧರನಿಗೆ ಹಾಗೆ ಅನ್ನಿಸಲಿಲ್ಲ. ಇದು ಪರೀಕ್ಷೆ ಎಂದುಕೊಂಡ. ಗುರುಗಳು ಎಲ್ಲೋ ಏನೋ ಒಡ್ಡುತ್ತಾರೆ, ತಾನು ಎದೆಗುಂದಬಾರದು ಎಂದುಕೊಂಡ. ತಪ್ಪು ಶುರುವಾದದ್ದೇ ಇಲ್ಲಿಂದ.

ಬೆಳಿಗ್ಗೆ ಗಾಳಿ ನದಿಯ ಕಡೆಯಿಂದ ಬೀಸುತ್ತಿತ್ತು.

ಅದು ಹೇಗೆ ಗೊತ್ತಾಗುತ್ತದೆ ಅಂದರೆ, ರನ್‌ವೇ ಪಕ್ಕದಲ್ಲಿ ಒಂದು ಕಂಬ, ಕಂಬದ ತುದಿಯಲ್ಲಿ ಬಟ್ಟೆಯ ಗಾಳಿಚೀಲ. ತುಂಬುತೋಳಿನ ಅಂಗಿಯ ತೋಳೊಂದನ್ನು ಕತ್ತರಿಸಿ ಕಟ್ಟಿದ ಹಾಗೆ ಇರುತ್ತದೆ. ಗಾಳಿ ಎತ್ತ ಹೋಗುತ್ತದೋ ಅತ್ತ ಅದರ ಬಾಲ ಚಾಚಿಕೊಳ್ಳುತ್ತದೆ. ಆಗ ಬಾಲ ಶೆಡ್ಡಿನ ಕಡೆಗಿತ್ತು. ರನ್‌ವೇಯ ಒಂದು ತುದಿಯಲ್ಲಿ ಶೆಡ್ಡು, ಇನ್ನೊಂದು ತುದಿಯಲ್ಲಿ ನದಿ.

ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಎದುರುಗಾಳಿ ತಡೆದು ಹಿಡಿಯುತ್ತದೆ, ಬೇಗ ನಿಲ್ಲಲು ಬಿಡುತ್ತದೆ. ಅದೇ ಗಾಳಿ ಬೆನ್ನಿಗೆ ಬಂದರೆ ತಳ್ಳಿಕೊಂಡು ಹೋಗುತ್ತದೆ. ಆಗ ರನ್‌ವೇ ಸಾಲದೆ ಹೋಗಬಹುದು. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಗುರುಗಳು ನದಿಗೆ ಮುಖ ಮಾಡಿ ವಿಮಾನವನ್ನು ಏರಿಸಿದರು.

ಇಂದುಧರ ಬಲಗಡೆ ಕೂತಿದ್ದ. ಗುರುಗಳು ಯಾವಾಗ ತನ್ನ ಕೈಗೆ ಕೊಡುತ್ತಾರೆ ಎಂದು ಕಾಯುತ್ತಿದ್ದ. ಅವರು ಕೊಡಲಿಲ್ಲ. ಏನೂ ಕೇಳಲೂ ಇಲ್ಲ. ಕೆಳಗೆ ನದಿ, ಬಂಡೆ, ಒಗೆದು ಒಣಹಾಕಿದ ಬಟ್ಟೆ. ಅವನ ಕೈಗಳು ತೊಡೆಯ ಮೇಲಿದ್ದವು.

"ಏನಾದ್ರೂ ಕಾಣ್ತಿದೆಯಾ?" ಎಂದು ಗುರುಗಳು ಒಂದು ಸಲ ಕೇಳಿದರು.

"ಎಲ್ಲಾ ಸರಿ ಐತ್ರಿ ಸರ್."

ಹೋದರು, ಸುತ್ತಿದರು, ಹಿಂದಿರುಗಿದರು.

ಶೆಡ್ಡಿನ ಕಡೆಯಿಂದ ಬಂದು ನದಿಗೆ ಮುಖ ಮಾಡಿ ಇಳಿಯಲು ಗುರುಗಳು ವಿಮಾನ ತಿರುಗಿಸಿದರು. ಬೆಳಿಗ್ಗೆ ಏರಿದ್ದು ಹಾಗೆಯೇ ತಾನೆ.

ಆಗ ಇಂದುಧರ ಗಾಳಿಚೀಲವನ್ನು ಕಂಡ.

ಬಾಲ ನದಿಯ ಕಡೆಗಿತ್ತು.

ಅಂದರೆ ಅವರು ಹಾರುತ್ತಿದ್ದ ಹೊತ್ತಿನಲ್ಲಿ ಗಾಳಿ ದಿಕ್ಕು ಬದಲಿಸಿತ್ತು. ಈಗ ಅದು ಅವರ ಬೆನ್ನಿಗಿತ್ತು.

ಓಹೋ, ಇದೇ ಪರೀಕ್ಷೆ ಎಂದುಕೊಂಡ. ಸರ್‌ಗೆ ಕಾಣದ ಗಾಳಿ ಉಂಟೇ? ಬೇಕೆಂದೇ ಹೀಗೆ ತಂದಿದ್ದಾರೆ. ನಾನು ಗಾಬರಿ ಬೀಳುತ್ತೇನೋ, ಅವರನ್ನು ನಂಬುತ್ತೇನೋ ನೋಡುತ್ತಿದ್ದಾರೆ. ಈಗ ಬಾಯಿ ಬಿಟ್ಟರೆ, ನನಗಿಂತ ನಿನಗೆ ಹೆಚ್ಚು ಗೊತ್ತೇನಯ್ಯ ಅನ್ನುವುದಿಲ್ಲವೇ?

ನೆಲ ಹತ್ತಿರವಾಗುತ್ತಿತ್ತು. ಇಂದುಧರ ಗಂಟಲು ಸರಿಮಾಡಿಕೊಂಡ.

"ಏನಾದ್ರೂ ಅಂದ್ಯಾ?" ಎಂದರು ಗುರುಗಳು.

"ಇಲ್ರಿ ಸರ್."

ವಿಮಾನ ನೆಲಕ್ಕೆ ಇಳಿಯಲೊಲ್ಲದು. ರನ್‌ವೇ ಮೇಲೆ ತೇಲುತ್ತಲೇ ಹೋಯಿತು. ಅರ್ಧ ರನ್‌ವೇ ಹೋಯಿತು. ಇನ್ನೂ ತೇಲುತ್ತಿತ್ತು. ಎದುರಿಗೆ ನದಿ ದೊಡ್ಡದಾಗುತ್ತಾ ಬಂತು.

"ಅರೆ," ಎಂದರು ಗುರುಗಳು.

ಆ 'ಅರೆ'ಯನ್ನು ಇಂದುಧರ ಅದುವರೆಗೆ ಅವರ ಬಾಯಲ್ಲಿ ಕೇಳಿರಲಿಲ್ಲ. ಅದು ಪರೀಕ್ಷೆ ಮಾಡುವವರ ದನಿಯಾಗಿರಲಿಲ್ಲ.

ಮರುಗಳಿಗೆ ಅವರು ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟರು. ವಿಮಾನ ನಡುಗಿತು, ಮೂಗೆತ್ತಿತು, ಏರಲೋ ಬೇಡವೋ ಎಂಬಂತೆ ಏರಿತು. ಕೆಳಗೆ ಏನೋ ಬರ್ರೆಂದು ಸವರಿದ ಸದ್ದು. ನದಿಯ ಅಂಚಿನಲ್ಲಿ ಆಳೆತ್ತರ ಬೆಳೆದ ಜೊಂಡು ಅದು. ಆಮೇಲೆ ಕೆಳಗೆ ನೀರು, ಬರೀ ನೀರು.

ಗುರುಗಳು ಒಂದು ಸುತ್ತು ಹಾಕಿದರು. ಗಾಳಿಚೀಲವನ್ನು ನೋಡಿದರು, ಮತ್ತೊಮ್ಮೆ ನೋಡಿದರು. ಈ ಸಲ ನದಿಯ ಮೇಲಿಂದ ಬಂದು, ಶೆಡ್ಡಿಗೆ ಮುಖ ಮಾಡಿ, ಎದುರುಗಾಳಿಯಲ್ಲಿ ಮೆತ್ತಗೆ ಇಳಿಸಿದರು.

ಮೆಲಿಟಾ ಓಡಿ ಬಂದಳು. ಶೆಡ್ಡಿನ ರೇಡಿಯೋ ರಿಪೇರಿಗೆ ಹೋಗಿತ್ತು. ಅವಳು ಕೆಳಗಿನಿಂದ ದುಪಟ್ಟಾ ಬೀಸಿ ಬೀಸಿ ಸುಸ್ತಾಗಿದ್ದಳು. ಚಕ್ರಕ್ಕೆ ಸಿಕ್ಕಿಕೊಂಡಿದ್ದ ಜೊಂಡನ್ನು ಎಳೆದು ತೆಗೆದು ಇಂದುಧರನ ಮುಖಕ್ಕೆ ಹಿಡಿದಳು.

"ಎಂಥ ಮಾರಾಯ, ಮೇಯ್ಲಿಕ್ಕೆ ಹೋದದ್ದಾ ನೀವು?"

ತಮಾಷೆ ಮಾಡಿದಳು ಅಷ್ಟೆ. ಅವಳ ತುಟಿ ಬಿಳಿಚಿಕೊಂಡಿತ್ತು.

ಗುರುಗಳು ವಿಮಾನದ ಸುತ್ತ ಹೋಗಿ ಚಕ್ರ, ರೆಕ್ಕೆ, ಹೊಟ್ಟೆ ಎಲ್ಲ ಬಗ್ಗಿ ನೋಡಿದರು. ಏನೂ ಆಗಿರಲಿಲ್ಲ. ಹುಣಸೆ ಮರದ ಕೆಳಗೆ ಬಂದು ಕೂತರು. ಚಹಾದ ಫ್ಲಾಸ್ಕಿನ ಮುಚ್ಚಳ ತಿರುಗಿಸಲು ಹೋದರು. ಎರಡು ಸಲ ತಿರುಗಿಸಿದರೂ ಬರಲಿಲ್ಲ. ಇಂದುಧರ ಫ್ಲಾಸ್ಕ್ ತೆಗೆದುಕೊಂಡು ಮುಚ್ಚಳ ತೆಗೆದುಕೊಟ್ಟ.

"ಗಾಳಿಚೀಲ ಯಾವಾಗ ನೋಡ್ದೆ?" ಎಂದರು ಗುರುಗಳು.

"ತಿರುಗಿದಾಗ ನೋಡಿದೆರಿ."

"ಗಾಳಿ ಬೆನ್ನಿಗಿದೆ ಅಂತ ಗೊತ್ತಾಯ್ತಾ?"

"ಗೊತ್ತಾತ್ರಿ."

"ಯಾಕೆ ಹೇಳಲಿಲ್ಲ?"

ಇಂದುಧರ ತಲೆ ತಗ್ಗಿಸಿದ.

"ನೀವು ಪರೀಕ್ಷಾ ಮಾಡಾಕತ್ತೀರಿ ಅನ್ಕೊಂಡೆರಿ."

"ಪರೀಕ್ಷೆಯಂತೆ!" ಗುರುಗಳು ನಕ್ಕುಬಿಟ್ಟರು. ನಗು ಬೇಗ ನಿಂತಿತು. "ನಾನು ನೋಡಲಿಲ್ಲ ಕಣಯ್ಯ."

ಇಂದುಧರನಿಗೆ ಜೊಂಡು ಸವರಿದಾಗಲೂ ಅಷ್ಟು ಭಯವಾಗಿರಲಿಲ್ಲ.

"ನೀವು ನೋಡಲಿಲ್ಲ?"

"ಕಣ್ಣು ಅತ್ತ ಹೋಯ್ತು. ನೋಡಲಿಲ್ಲ. ಬೆಳಿಗ್ಗೆ ನೋಡಿದ್ದೆ, ಅದೇ ತಲೇಲಿತ್ತು. ನಲವತ್ತು ವರ್ಷ ಹಾರಿಸಿದೋನಿಗೆ ಎಲ್ಲಾ ಮೊದಲೇ ಗೊತ್ತಿರುತ್ತೆ ನೋಡು, ಅದು ಕಾಯಿಲೆ."

"ಅಷ್ಟು ಹಾರಿಸಿದವರು ನೀವ ಹಿಂಗಂದ್ರ..."

"ನನ್ನ ಹತ್ರ ಗಂಟೆಗಳಿದ್ವು. ನಿನ್ನ ಹತ್ರ ಕಣ್ಣಿತ್ತು. ಎರಡೂ ಪಕ್ಕಪಕ್ಕ ಕೂತ್ಕೊಂಡು ಜೊಂಡಿಗೆ ಹೋದ್ವು."

ಮೆಲಿಟಾ ಏನೋ ಹೇಳಲು ಬಾಯಿ ತೆರೆದಳು. ಗುರುಗಳ ಮುಖ ನೋಡಿ, ಲೋಟ ತೊಳೆಯಲು ಹೋದಳು.

"ನಿಮಗ ಹೆಂಗ ಹೇಳ್ಲಿರಿ ಸರ್?" ಎಂದ ಇಂದುಧರ. "ನೀವು ತಪ್ಪು ಮಾಡಾಕತ್ತೀರಿ ಅಂತ ನಾ ಹೇಳೂದೇನ್ರಿ? ನೀವು ನನ್ನ ಗುರುಗಳು."

"ಇಲ್ಲಿ ಗುರು. ಅಲ್ಲಿ ಎಡಗಡೆ ಕೂತಿರೋ ಒಬ್ಬ ಮುದುಕ."

ಇಂದುಧರ ವಿಮಾನದ ಕಡೆ ತಿರುಗಿದ. ಅವನಿಗೆ ಅತ್ತೆಯ ಮಾತು ನೆನಪಾಗುತ್ತಿತ್ತು. ಆ ಪುಟ್ಟ ವಿಮಾನದ ಹಿಂದೆ ನೂರೆಂಬತ್ತು ಸೀಟುಗಳಿದ್ದಂತೆ, ಒಂದರಲ್ಲಿ ಗಂಗವ್ವ ಸೆರಗು ಹೊದ್ದು ಕೂತಿದ್ದಂತೆ ಕಾಣುತ್ತಿತ್ತು. ಅವಳಿಗೆ ಗಾಳಿ ಎತ್ತಲಿಂದ ಬೀಸುತ್ತದೆಂದು ಗೊತ್ತಿರುವುದಿಲ್ಲ. ಗೊತ್ತಿದ್ದವನು ಸುಮ್ಮನೆ ಕೂತಿದ್ದ.

"ಸರ್, ನಾ ಹೋಗೂದಿಲ್ರಿ," ಎಂದ. "ಇನ್ನೂ ಒಂದು ವರ್ಷ ಇಲ್ಲೇ ಇರ್ತೀನಿ."

"ಇದ್ದು?"

"ಹಾರಸ್ತೀನ್ರಿ. ತಾಸು ಹೆಚ್ಚಾಗ್ತಾವ."

"ಹೌದು, ಹೆಚ್ಚಾಗುತ್ತೆ. ನನ್ನ ಮೇಲಿರೋ ಭಕ್ತಿನೂ ಹೆಚ್ಚಾಗುತ್ತೆ. ಆಮೇಲೆ ನಾನು ನದಿಯೊಳಗೆ ಇಳಿಸಿದ್ರೂ, ಸ್ನಾನಕ್ಕೆ ಕರ್ಕೊಂಡು ಬಂದ್ರು ಅಂದ್ಕೋತೀಯ."

ದೂರದಲ್ಲಿ ಲೋಟ ತೊಳೆಯುತ್ತಿದ್ದ ಮೆಲಿಟಾ ಕಿಸಕ್ಕೆಂದು ನಕ್ಕಳು. ಇಂದುಧರ ನಗಲಿಲ್ಲ.

"ಅಲ್ರಿ ಸರ್, ನಾ ಕಲಿತದ್ದು ಇಷ್ಟ. ನಾ ಹೇಳಿದ್ದ ತಪ್ಪಾದ್ರ? ಪಕ್ಕದಾಗ ಕುಂತವರು ಸರಿ ಇದ್ದು, ನಾ ಸುಮ್‌ಸುಮ್ನ ಒದರಿದ್ರ?"

ಗುರುಗಳು ಚಹಾದ ಕೊನೆಯ ಗುಟುಕು ಕುಡಿದು, ಉಳಿದ ಗಷ್ಟನ್ನು ಹುಣಸೆ ಮರದ ಬುಡಕ್ಕೆ ಚೆಲ್ಲಿ, ಎದ್ದರು.

"ಹತ್ತು," ಎಂದರು.

"ಈಗೇನ್ರಿ?"

"ಬಲಗಡೆ."

ಎರಡನೇ ಸಲ ಏರಿದರು. ಗಾಳಿ ಈಗ ಶೆಡ್ಡಿನ ಕಡೆಯಿಂದ ನದಿಯ ಕಡೆಗೆ ಬೀಸುತ್ತಿತ್ತು. ಆದ್ದರಿಂದ ಶೆಡ್ಡಿಗೆ ಮುಖ ಮಾಡಿಯೇ ಏರಿದರು. ಮತ್ತೆ ಬಂದು ಇಳಿಯಬೇಕಾದದ್ದೂ ಹಾಗೆಯೇ, ನದಿಯ ಮೇಲಿಂದ ಬಂದು ಶೆಡ್ಡಿಗೆ ಮುಖ ಮಾಡಿ. ಗುರುಗಳು ಹಾಗೆಯೇ ಬಂದರು. ಎಲ್ಲವೂ ಸರಿಯಾಗಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ಈ ಸಲ ಗುರುಗಳದು ಏನೂ ತಪ್ಪಿರಲಿಲ್ಲ.

ಇಂದುಧರನ ಮೈಯೆಲ್ಲ ಕಣ್ಣಾಗಿತ್ತು. ಹಿಂದಿನ ಸಲ ಸುಮ್ಮನೆ ಕೂತ ನಾಚಿಕೆ ಇನ್ನೂ ಸುಡುತ್ತಿತ್ತು. ನೀರು ದಾಟಿತು. ಜೊಂಡು ದಾಟಿತು. ರನ್‌ವೇಯ ತುದಿ ಬಂತು.

ಅವನ ಕಣ್ಣು ಗಾಳಿಚೀಲದ ಮೇಲೆ ಬಿತ್ತು.

ಬಾಲ ನದಿಯ ಕಡೆಗಿತ್ತು!

ಹಿಂದಿನ ಸಲ ಇಳಿಯುವಾಗ ಕಂಡದ್ದೂ ಇದೇ. ಬಾಲ ನದಿಯ ಕಡೆಗಿದ್ದರೆ ಗಾಳಿ ಬೆನ್ನಿಗೆ. ಅವನ ತಲೆಯಲ್ಲಿ ಅಚ್ಚೊತ್ತಿದ್ದು ಅಷ್ಟೇ. ಈಗ ತಾವು ಬರುತ್ತಿರುವುದು ಶೆಡ್ಡಿನ ಕಡೆಯಿಂದ ಅಲ್ಲ, ನದಿಯ ಕಡೆಯಿಂದ ಎಂಬುದು ಆ ಕ್ಷಣಕ್ಕೆ ಮರೆತುಹೋಯಿತು. ದಿಕ್ಕು ಬದಲಾದ ಮೇಲೆ ಅದೇ ಬಾಲಕ್ಕೆ ಅರ್ಥ ತಿರುಗಾಮುರುಗಾ ಆಗಿತ್ತು. ಹೊಸದಾಗಿ ಹಾರಲು ಕಲಿತವರು ಗಾಬರಿಯಲ್ಲಿ ಮಾಡುವ ತಪ್ಪು ಇದು.

ಹೇಳಲೋ ಬೇಡವೋ ಎಂದು ಯೋಚಿಸಲು ಹೋಗಲಿಲ್ಲ.

"ಸರ್, ಗಾಳಿ ಹಿಂದೈತಿ! ಇಳಿಸಬ್ಯಾಡ್ರಿ, ಮ್ಯಾಲೆ ಹೋಗ್ರಿ!"

ಚಕ್ರ ಇನ್ನೇನು ನೆಲ ಮುಟ್ಟಬೇಕು.

ಗುರುಗಳು ಗಾಳಿಚೀಲದ ಕಡೆ ತಿರುಗಿ ನೋಡಲಿಲ್ಲ. ಹೌದಾ ಎಂದು ಕೇಳಲಿಲ್ಲ. ಅವನ ಮಾತು ಮುಗಿಯುವ ಮೊದಲೇ ಇಂಜಿನ್ ಗರ್ಜಿಸಿತು. ನೆಲ ಕೆಳಗೆ ಜಾರಿತು. ಶೆಡ್ಡು, ಹುಣಸೆ ಮರ, ಲೋಟ ಹಿಡಿದು ಬಾಯಿ ಬಿಟ್ಟು ಮೇಲೆ ನೋಡುತ್ತಿದ್ದ ಮೆಲಿಟಾ, ಎಲ್ಲ ಚಿಕ್ಕದಾದವು.

ವಿಮಾನ ಅರ್ಧ ಸುತ್ತು ಬಂದಾಗ ಇಂದುಧರ ಕೆಳಗೆ ನೋಡಿದ. ರನ್‌ವೇ ಪೂರ್ತಿ ಕಾಣುತ್ತಿತ್ತು. ಗಾಳಿಚೀಲ ಕಾಣುತ್ತಿತ್ತು. ತಾವು ಬಂದ ದಾರಿಯೂ ಕಾಣುತ್ತಿತ್ತು.

ಅವನಿಗೆ ಅರ್ಥವಾಯಿತು. ಕಿವಿಯವರೆಗೆ ಬಿಸಿಯಾಯಿತು.

"ಸರ್."

"ಹೂಂ."

"ನಂದ ತಪ್ಪಾತ್ರಿ. ಗಾಳಿ ಎದುರಿಗೇ ಇತ್ತು. ನೀವು ಸರಿ ಇದ್ರಿ."

"ಹೂಂ."

ಅಷ್ಟೇ. ಗುರುಗಳು ಮತ್ತೆ ನದಿಯ ಮೇಲಿಂದ ಬಂದರು. ಅದೇ ದಾರಿ, ಅದೇ ಗಾಳಿ. ಇಳಿಸಿದರು. ಶೆಡ್ಡಿನ ಮುಂದೆ ತಂದು ನಿಲ್ಲಿಸಿ ಇಂಜಿನ್ ಆರಿಸಿದರು. ಸದ್ದು ನಿಂತ ಮೇಲೆ ಹುಣಸೆ ಮರದ ಹಕ್ಕಿಗಳು ಕೇಳಿಸಿದವು.

ಇಂದುಧರ ಇಳಿಯಲಿಲ್ಲ. ಕೈ ತೊಡೆಯ ಮೇಲಿಟ್ಟುಕೊಂಡೇ ಕೇಳಿದ.

"ಸರ್, ನೀವು ಈ ಸಲ ಗಾಳಿಚೀಲ ನೋಡಿದ್ರೇನ್ರಿ?"

"ಮೂರು ಸಲ."

"ಹಂಗಾರ ನಾ ಹೇಳಿದ್ದು ತಪ್ಪು ಅಂತ ನಿಮಗ ಆಗಲೇ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ ಯಾಕ ಮ್ಯಾಲೆ ಹೋದ್ರಿ?"

ಇದಕ್ಕೆ ಗುರುಗಳು ಕೊಟ್ಟ ಉತ್ತರ ಬಹಳ ಚಿಕ್ಕದು. ಅದನ್ನು ಹಾಗೇ ಬರೆದರೆ ಯಾರಿಗಾದರೂ ತಿಳಿಯದೆ ಹೋದೀತು. ಆದ್ದರಿಂದ ಮೊದಲು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದೊಡ್ಡ ವಿಮಾನಗಳಲ್ಲಿ ಒಂದು ಪದ್ಧತಿ ಇದೆ ಎಂದು ಕೇಳಿದ್ದೇನೆ. ಇಳಿಯುವ ಹೊತ್ತಿನಲ್ಲಿ ಇಬ್ಬರಲ್ಲಿ ಯಾರೇ ಬೇಡ ಅಂದರೂ, ಅಂದವನು ನಿನ್ನೆ ಮೊನ್ನೆ ಬಂದವನೇ ಆಗಿದ್ದರೂ, ವಾದ ಮಾಡದೆ ಮೇಲೆ ಹೋಗಬೇಕು. ಸರಿಯೋ ತಪ್ಪೋ ಎಂಬುದು ಆಮೇಲಿನ ಮಾತು. ಯಾಕೆಂದರೆ ತಪ್ಪು ಹೇಳಿದಾಗ ಒಂದು ಸುತ್ತು ಹೆಚ್ಚಾಗುತ್ತದೆ ಅಷ್ಟೆ, ಆದರೆ ಒಂದು ಸಲ ಹೇಳಿ ಬೈಸಿಕೊಂಡವನು ಮುಂದಿನ ಸಲ ನಿಜವಾಗಿ ಕಂಡಾಗಲೂ...

ನಮ್ಮ ಮನೆಯ ಕೆಳಗೆ ಗ್ಯಾಸ್ ಸಿಲಿಂಡರಿನವನು ಬಂದು ಕೂಗುತ್ತಿದ್ದಾನೆ, ಇದು ಎರಡನೇ ಸಲ. ಹೋಗದಿದ್ದರೆ ವಾಪಸ್ ತೆಗೆದುಕೊಂಡು ಹೋಗುತ್ತಾನೆ. ಗುರುಗಳ ಮಾತಷ್ಟನ್ನು ಬರೆದು ಏಳುತ್ತೇನೆ.

"ನೀನು ಬೇಡ ಅಂದೆ, ಮೇಲೆ ಹೋದೆ," ಎಂದರು ಗುರುಗಳು. "ಬಟ್ಟೆಬರೆ ಕಟ್ಕೊಂಡ್ಯಾ?"